ರೇಡಿಯೇಟರಿಗೆ ಹುಡುಕಿದ ಜಾಗ

ಶಹಾಪುರದ ನಮ್ಮ ಮನೆಯಲ್ಲಿ ಬೇಸಿಗೆಯಲ್ಲಿ ಇರಬಹುದಾದ ಕೋಣೆ ಒಂದೇ. ಮೇಲೆ ಫರಸಿಕಲ್ಲಿನ ಚಾವಣಿ. ಬೆಳಿಗ್ಗೆ ಹತ್ತಕ್ಕೆ ಕಾಯಲು ಶುರುವಾದರೆ ಸಂಜೆ ದೀಪ ಹಚ್ಚುವ ಹೊತ್ತಿಗೂ ಆರುತ್ತಿರಲಿಲ್ಲ. ಆದರೆ ಆ ಕೋಣೆಗೆ ಒಂದು ಕಿಟಕಿ ಇತ್ತು, ಕಿಟಕಿಗೆ ಕೂಲರ್ ಕೂರಿಸಿದ್ದೆವು. ಅದರ ಹುಲ್ಲಿನ ತಟ್ಟಿಯ ಮೇಲೆ ನೀರು ಇಳಿಯುತ್ತಿರುವಷ್ಟು ಹೊತ್ತು ಒಳಗೆ ಉಸಿರಾಡಬಹುದಿತ್ತು. ಕೋಣೆಯಲ್ಲಿ ಎರಡು ಜೀವ ಇದ್ದವು ಅಂತ ಅಕ್ಕ ಹೇಳುತ್ತಿದ್ದರು. ಒಂದು ಅವರು, ಇನ್ನೊಂದು ನನ್ನ ಮನೆಯವರ ಕಂಪ್ಯೂಟರ್. ಅಕ್ಕ ಅಂದರೆ ನನ್ನ ಗಂಡನ ಅಕ್ಕ. ನಾನು ಬರೆಯುತ್ತಿರುವುದು ಅವರ ಕೊನೆಯ ಬೇಸಿಗೆಯನ್ನು.

ಅಕ್ಕ ಕೆಂಭಾವಿ ಕಡೆಯ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ ಆಗಿದ್ದರು. ಮದುವೆ ಮಾಡಿಕೊಳ್ಳಲಿಲ್ಲ. ತಾಯಿ ಇಲ್ಲದ ತಮ್ಮನನ್ನು ಬೆಳೆಸಿ, ಸರ್ವೇ ಕಲಿಸಿ, ನನ್ನನ್ನು ನೋಡಲು ಯಾದಗಿರಿಗೆ ಬಂದವರೂ ಅವರೇ. ನಾನು ಕಾನ್ವೆಂಟಿನಲ್ಲಿ ಓದಿದವಳು ಎಂದು ಕೇಳಿ, 'ಹಂಗಾದ್ರ ಚಮಚೆಲೆ ಉಣ್ತಾಳೇನು?' ಎಂದು ನಮ್ಮಪ್ಪನನ್ನು ಕೇಳಿದ್ದರಂತೆ. ಆ ಬೇಸಿಗೆಗಿಂತ ಐದು ವರ್ಷ ಹಿಂದೆ ಶಾಲೆಯಿಂದ ಬರುವಾಗ ಕಾಲುವೆ ದಂಡೆಯ ರಸ್ತೆಯಲ್ಲಿ ಟಂಟಂ ಆಟೋ ಮಗುಚಿತು. ಬೆನ್ನುಹುರಿಗೆ ಏಟು ಬಿತ್ತು. ಎರಡು ಕೈ, ಕತ್ತು, ನಾಲಿಗೆ ಉಳಿದವು. ಎದೆಯಿಂದ ಕೆಳಗೆ ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

ಡಿಸ್ಚಾರ್ಜ್ ಮಾಡುವಾಗ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದರು. ಮೈ ಅರಿವು ಹೋದ ಕಡೆ ಬೆವರೂ ಬರುವುದಿಲ್ಲ. ಬೆವರದ ಮೈ ತನ್ನನ್ನು ತಾನು ತಂಪು ಮಾಡಿಕೊಳ್ಳಲಾರದು. ನಿಮ್ಮ ಊರಿನ ಬಿಸಿಲು ಇವರಿಗೆ ಎಲ್ಲಕ್ಕಿಂತ ದೊಡ್ಡ ರೋಗ. ತಂಪನ್ನು ಹೊರಗಿನಿಂದ ನೀವೇ ಕೊಡಬೇಕು. ಆ ಮಾತನ್ನು ನಾನು ಮರೆತಿರಲಿಲ್ಲ. ಫಾಲ್ಗುಣ ಮುಗಿದ ಕೂಡಲೇ ಅವರ ಮಂಚವನ್ನು ಕೂಲರಿನ ಕೋಣೆಗೆ ತರುತ್ತಿದ್ದೆ. ಮಧ್ಯಾಹ್ನ ಹಳೆಯ ಪಂಚೆಯ ತುಂಡುಗಳನ್ನು ನೀರಿನಲ್ಲಿ ಅದ್ದಿ ಹಿಂಡಿ ಕಾಲ ಮೇಲೆ, ಹೊಟ್ಟೆಯ ಮೇಲೆ ಹಾಸುತ್ತಿದ್ದೆ. ಒಣಗಿದಂತೆ ಮತ್ತೆ ಅದ್ದುತ್ತಿದ್ದೆ.

ಕಂಪ್ಯೂಟರ್ ಅದೇ ಕೋಣೆಗೆ ಬಂದದ್ದಕ್ಕೂ ಬಿಸಿಲೇ ಕಾರಣ. ನಮ್ಮ ಕಡೆ ಕಾಲುವೆಗೆ ನೀರು ಬಂದ್ ಆಗುವುದು ಬೇಸಿಗೆಯಲ್ಲಿ. ಕಾಲುವೆ ಒಣಗಿದಾಗಲೇ ರಿಪೇರಿ, ಒಣಗಿದಾಗಲೇ ಸರ್ವೇ. ನನ್ನ ಮನೆಯವರು ಸುರಪುರದ ಕಡೆ ಉಪಕಾಲುವೆಗಳ ಮೇಲೆ ಡ್ರೋನ್ ಹಾರಿಸಿ ಸಾವಿರಗಟ್ಟಲೆ ಫೋಟೋ ತೆಗೆದು ತರುತ್ತಿದ್ದರು. ಆ ಫೋಟೋಗಳನ್ನೆಲ್ಲ ಕಂಪ್ಯೂಟರ್ ಒಂದಕ್ಕೊಂದು ಹೊಲಿದು ಒಂದೇ ನಕಾಶೆ ಮಾಡಬೇಕು. ಒಂದು ಸಲ ಶುರು ಮಾಡಿದರೆ ಹತ್ತು ಹನ್ನೆರಡು ತಾಸು ನಿಲ್ಲದೆ ನಡೆಯಬೇಕು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಆ ವರ್ಷ ಮಷಿನ್ ನಡುವೆಯೇ ನಿಲ್ಲತೊಡಗಿತು. ಕಾಯುತ್ತಿತ್ತು, ತನ್ನಷ್ಟಕ್ಕೆ ಬಂದ್ ಆಗುತ್ತಿತ್ತು. ಮೂರು ದಿನ ಹಾಗಾದ ಮೇಲೆ ಅವರು ಊಟ ಬಿಟ್ಟರು.

ಯಾದಗಿರಿಯಿಂದ ಕಂಪ್ಯೂಟರ್ ರಿಪೇರಿಯವನು ಬಂದ. ಮುದನಾಳದವನು, ನಡುವಯಸ್ಸು, ಮಾತುಗಾರ. ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿ ಒಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದ. ಬೆರಳ ತುದಿಯಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

'ಇದೇನ್ರಿ ಅಕ್ಕಾರ, ಹಿಟ್ಟಿನ ಗಿರಣಿ ಇಟ್ಟೀರೇನು ಇಲ್ಲಿ?'

ಅದು ಅಕ್ಕನ ಪೌಡರು. ಬೆನ್ನಿಗೆ ಹುಣ್ಣಾಗಬಾರದೆಂದು ದಿನಕ್ಕೆ ಎರಡು ಸಲ ಮಗ್ಗುಲು ತಿರುಗಿಸಿ ನಾನು ಹಾಕುತ್ತಿದ್ದ ಪೌಡರು. ಫ್ಯಾನು ಅದನ್ನೆಲ್ಲ ಒಳಗೆ ಎಳೆದುಕೊಂಡಿತ್ತು.

'ನನ್ನ ಬೆನ್ನಿನ ಪೌಡರ್ ಅದು,' ಎಂದು ಅಕ್ಕ ಮಂಚದಿಂದಲೇ ಹೇಳಿದರು. 'ಚಂದ ಕಾಣ್ಲಿ ಅಂತ ಮಷಿನ್ನಿಗೂ ಹಚ್ಚೇನಿ.'

ಅವನು ನಕ್ಕ. ಸಾದಾ ಫ್ಯಾನು ಇನ್ನು ತಡೆಯುವುದಿಲ್ಲ, ನೀರಿನ ಕೂಲಿಂಗ್ ಹಾಕಬೇಕು ಎಂದ. ಎರಡು ದಿನದಲ್ಲಿ ತಂದ. ಅಂಗೈಯಷ್ಟಿದ್ದ ಒಂದು ಗುಂಡನೆ ಪಂಪು, ಅದರಿಂದ ಹೊರಟ ಎರಡು ಕರಿ ಪೈಪು, ಪೈಪಿನ ತುದಿಗೆ ಸಣ್ಣ ಹಲ್ಲಿನ ಬಾಚಣಿಗೆಗಳನ್ನು ಜೋಡಿಸಿದಂತಹ ಉದ್ದನೆಯ ರೇಡಿಯೇಟರ್, ಅದಕ್ಕೆ ಎರಡು ಫ್ಯಾನು. ಪ್ರೊಸೆಸರಿನ ಬಿಸಿಯನ್ನು ನೀರು ಹೊತ್ತುಕೊಂಡು ರೇಡಿಯೇಟರಿಗೆ ಬರುತ್ತದೆ, ಫ್ಯಾನು ಅದನ್ನು ಆರಿಸುತ್ತದೆ. ಜೊತೆಗೆ ಬಂದ ಹಾಳೆಯನ್ನು ಓದಿ ಹೇಳುವ ಕೆಲಸ ನನಗೆ ಬಿತ್ತು, ಅದು ಇಂಗ್ಲಿಷಿನಲ್ಲಿತ್ತು. ಪಂಪು ಎಲ್ಲಕ್ಕಿಂತ ಮೇಲೆ ಇರಬಾರದು, ಗಾಳಿಗುಳ್ಳೆ ಅದರಲ್ಲಿ ಕೂತರೆ ಕೆಡುತ್ತದೆ. ರೇಡಿಯೇಟರನ್ನು ಡಬ್ಬಿಯ ತಲೆಯ ಮೇಲೆ ಅಥವಾ ಮುಂದೆ ಕೂರಿಸಿ, ತಳದಲ್ಲಿ ಬೇಡ. ಮೂರು ಚಿತ್ರ ಇದ್ದವು. ಎರಡಕ್ಕೆ ಸರಿ ಗುರುತು, ಒಂದಕ್ಕೆ ತಪ್ಪು ಗುರುತು. ಫ್ಯಾನಿನ ಎದುರಿಗೆ ಯಾರು ಮಲಗಿರಬಾರದು ಎಂಬುದು ಆ ಹಾಳೆಯಲ್ಲಿ ಇರಲಿಲ್ಲ.

ಮೊದಲು ತಲೆಯ ಮೇಲೆ ಕೂರಿಸಿದರು. ಡಬ್ಬಿ ಇದ್ದದ್ದು ಗೋಡೆಯ ಕಲ್ಲಿನ ಗೂಡಿನಲ್ಲಿ. ಮೇಲೆ ಒಂದು ಗೇಣಿಗೆ ಇನ್ನೊಂದು ಕಲ್ಲು. ಬಿಸಿ ಅಲ್ಲೇ ಸುತ್ತಿ ಮತ್ತೆ ಒಳಗೇ ಇಳಿಯಿತು. ನೆಲಕ್ಕೆ ಇಡೋಣವೆಂದರೆ ನಾನು ದಿನಾ ಅಕ್ಕನಿಗೆ ನೀರು ಹಾಕಿ ಒರೆಸುವ ನೆಲ ಅದು. ರಿಪೇರಿಯವನು ಸೊಂಟಕ್ಕೆ ಕೈಯಿಟ್ಟು ಕೋಣೆಯನ್ನೆಲ್ಲ ನೋಡಿದ. ಕೋಣೆಯಿಂದ ಹಿತ್ತಲಿಗೆ ತೆರೆಯುವ ಬಾಗಿಲ ಹತ್ತಿರ ಹೋಗಿ ನಿಂತ.

'ಸರ್, ಬರೋಬ್ಬರಿ ಜಾಗ ಇಲ್ಲೇ ಅದ ನೋಡ್ರಿ. ಹೊಸ್ತಿಲ ಮ್ಯಾಲ ಒಂದು ಹಲಗಿ ಹಾಕಿ ಡಬ್ಬಿ ಇಟ್ಟುಬಿಡ್ರಿ. ಮಾರಿ ಹಿತ್ತಲಕ್ಕ. ಬಿಸಿ ಎಲ್ಲಾ ಹೊರಗ ಹೋಗ್ತದ. ಉಳಿದ ಸಂದಿಗೆ ಪರದೆ ಬಿಡ್ರಿ, ಮುಗೀತು.'

'ಹೊಸ್ತಿಲ ಮ್ಯಾಲ ಬ್ಯಾಡ್ರಿ,' ಎಂದೆ ನಾನು.

ನನಗೆ ಯೋಚನೆ ಬೇಕಾಗಲಿಲ್ಲ. ಬೆಳಿಗ್ಗೆ ಎದ್ದು ಎರಡೂ ಹೊಸ್ತಿಲು ತೊಳೆದು ಅರಿಷಿಣ ಹಚ್ಚಿ ಕುಂಕುಮ ಇಟ್ಟು ಒಂದು ಹೂವು ಇಡುವುದು ಮದುವೆಯಾದಂದಿನಿಂದ ನನ್ನ ಕೆಲಸ. ಅದರ ಮೇಲೆ ಕೂರುವುದಿಲ್ಲ, ಕಾಲಿಡುವುದಿಲ್ಲ, ಏನನ್ನೂ ಹೇರುವುದಿಲ್ಲ. ಇದನ್ನು ನನಗೆ ಕಲಿಸಿದವರು ಅಕ್ಕನೇ.

'ಹಿತ್ತಲ ಬಾಗಿಲು ಇದು ಅಕ್ಕಾರ, ತಲಿಬಾಗಿಲೇನಲ್ಲಲ್ಲ,' ಎಂದ ಅವನು.

'ಯಾವ್ದಾದ್ರೇನ್ರಿ. ಹೊಸ್ತಿಲು ಹೊಸ್ತಿಲ.'

ಅಕ್ಕ ಮಂಚದಲ್ಲಿ ನಕ್ಕರು. 'ಏ ತಂಗಿ, ನಿಮ್ಮ ಕಾನ್ವೆಂಟ್ ಸಿಸ್ಟರ್‌ಗೋಳು ಇದನ್ನೂ ಕಲಿಸ್ಯಾರೇನ?'

ನನ್ನ ಮನೆಯವರು ನನ್ನ ಮುಖ ನೋಡಿದರು. ನಾನು ಕಣ್ಣು ತಗ್ಗಿಸಿ ಹಾಳೆ ಮಡಿಸತೊಡಗಿದೆ. ನಾನು ಎಂದೂ ಯಾವುದಕ್ಕೂ ಬೇಡ ಎನ್ನುವವಳಲ್ಲ. ಹಾಗಾಗಿ ಅಂದದ್ದು ನಡೆಯಿತು.

ಉಳಿದದ್ದು ಮುಂದಿನ ಜಾಗ. ರೇಡಿಯೇಟರನ್ನು ಡಬ್ಬಿಯ ಎದುರು ಮುಖಕ್ಕೆ ಕೂರಿಸಿದರು. ಇನ್ವರ್ಟರಿನ ಪ್ಲಗ್ಗು ಅಕ್ಕನ ಮಂಚದ ಕಾಲ್ಗಡೆಯ ಗೋಡೆಯಲ್ಲಿ ಇದ್ದುದರಿಂದ ಅಲ್ಲೊಂದು ಎತ್ತರದ ಸ್ಟೂಲು ಹಾಕಿ ಡಬ್ಬಿಯನ್ನು ಅದರ ಮೇಲೆ ಇಟ್ಟರು. ಫ್ಯಾನು ಗಾಳಿಯನ್ನು ಒಳಗೆ ಎಳೆಯಬೇಕೋ ಹೊರಗೆ ದೂಡಬೇಕೋ ಎಂಬ ಮಾತು ಬಂತು. ಎಳೆದರೆ ಪ್ರೊಸೆಸರು ಹೆಚ್ಚು ತಂಪಿರುತ್ತದೆ, ಆದರೆ ಪೌಡರು ಮತ್ತೆ ಒಳಗೆ ಹೋಗಿ ರೇಡಿಯೇಟರಿನ ಸಂದಿಗಳು ತಿಂಗಳೊಳಗೆ ಕಟ್ಟುತ್ತವೆ. ದೂಡಿದರೆ ಆ ಫಿಕರಿಲ್ಲ. ದೂಡುವುದೆಂದು ನಿಕ್ಕಿಯಾಯಿತು. ಗಾಳಿ ಮಂಚದ ಕಡೆಗೆ ಬಂತು.

ಆಗ ನಮಗೆಲ್ಲ ಖುಷಿಯೇ ಆಗಿತ್ತು. ನಮ್ಮ ಕಡೆ ಕೂಲರ್ ಅಂದರೆ ನೀರು, ಫ್ಯಾನು, ತಂಪು ಗಾಳಿ. ಇದರಲ್ಲೂ ನೀರಿತ್ತು, ಫ್ಯಾನಿತ್ತು, ಹೆಸರೂ ಕೂಲರೇ. ಮಷಿನ್ ಆಗ ತಾನೇ ಶುರುವಾಗಿತ್ತು. ನಾನು ಅಂಗೈ ಒಡ್ಡಿ ನೋಡಿದೆ, ಗಾಳಿ ಹಿತವಾಗಿಯೇ ಇತ್ತು.

'ಅಕ್ಕಗೂ ಗಾಳಿ ಆತು ನೋಡು,' ಎಂದರು ನನ್ನ ಮನೆಯವರು. 'ಕಿಟಕ್ಯಾಗ ಒಂದು ಕೂಲರ್, ಕಾಲಾಗ ಒಂದು.'

'ಮಹಾರಾಣಿ ಅದೀನೋ ತಮ್ಮಾ ನಾನು,' ಎಂದರು ಅಕ್ಕ.

ರಿಪೇರಿಯವನು ಹೊರಡುವಾಗ ಒಮ್ಮೆ ಹಿಂದಿರುಗಿ ಮಂಚವನ್ನು ನೋಡಿದ. 'ಕೆಲಸ ಜೋರ್ ನಡದಾಗ ಜರಾ ಬಿಸಿ ಬರ್ತದ್ರಿ,' ಎಂದ. ಜರಾ ಎಂದರೆ ಎಷ್ಟು ಎಂದು ನಾವು ಯಾರೂ ಕೇಳಲಿಲ್ಲ.

ಮಷಿನ್ ನಿಲ್ಲುವುದು ನಿಂತಿತು. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ಎಷ್ಟಿದೆ ಎಂದು ಒಂದು ಅಂಕಿ ಕಾಣುತ್ತಿತ್ತು. ಮಂಚಕ್ಕೆ ಅದು ನೇರ ಕಾಣುತ್ತಿತ್ತು. ನನ್ನ ಮನೆಯವರು ಹೊಲ ಕಾಲುವೆ ಎಂದು ಹೊರಗೆ ಹೋಗಬೇಕಾದುದರಿಂದ ಅದನ್ನು ನೋಡುವ ಕೆಲಸವನ್ನು ಅಕ್ಕ ತಾವೇ ತೆಗೆದುಕೊಂಡರು. ಐದು ವರ್ಷದ ಮೇಲೆ ಅವರಿಗೊಂದು ಕೆಲಸ ಸಿಕ್ಕಿತ್ತು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೆ ಕೋಣೆಯಿಂದ ಕೂಗು ಬರುತ್ತಿತ್ತು.

'ಎಪ್ಪತ್ತೊಂದೇ! ಶಾಣ್ಯಾ ಅದ ಇವತ್ತು.'

'ಎಂಬತ್ತಾರಾತು. ಏ ತಂಗಿ, ನಿನ್ನ ಗಂಡಗ ಫೋನ್ ಹಚ್ಚು, ಇದಕ್ಕ ಸಿಟ್ಟು ಬಂದದ.'

ಆ ದಿನಗಳಲ್ಲಿ ನಾನು ಕಂಡ ಕೆಲವು ಸಂಗತಿಗಳನ್ನು ಬರೆಯಲೇಬೇಕು. ಸಣ್ಣದನ್ನು ಕಾಣುವವಳು ಎಂದು ನನ್ನನ್ನು ಹೊಗಳುತ್ತಾರೆ. ಕಾಣುವುದಷ್ಟೇ ನನ್ನಿಂದ ಆದದ್ದು. ಅಕ್ಕನ ಕಾಲ ಮೇಲಿನ ಒದ್ದೆ ಬಟ್ಟೆಗಳು ಮೊದಲಿಗಿಂತ ಬೇಗ ಒಣಗುತ್ತಿದ್ದವು. ಗಾಳಿ ಚೆನ್ನಾಗಿ ಆಡುತ್ತಿದೆ ಎಂದುಕೊಂಡೆ. ಕರೆಂಟ್ ಹೋದಾಗ ಇರಲಿ ಎಂದು ಮಂಚದ ಕಾಲ ಬಳಿ ಇಟ್ಟಿದ್ದ ಮೇಣದಬತ್ತಿ ಒಂದು ಮಧ್ಯಾಹ್ನ ಬಾಗಿ ನಿಂತಿತ್ತು. ಬಿಸಿಲಪ್ಪಾ ಎಂದು ಅದನ್ನು ತೆಗೆದು ಅಡುಗೆಮನೆಯ ನೀರಿನ ಗಡಿಗೆಯ ಪಕ್ಕ ಇಟ್ಟೆ. ಮೇಣದಬತ್ತಿಯನ್ನು ತಂಪಿಗೆ ಸಾಗಿಸಿದೆ. ಅಕ್ಕ ಮೊದಲಿನಂತೆ ಉಣ್ಣುತ್ತಿರಲಿಲ್ಲ, ಮಧ್ಯಾಹ್ನ ಮಂಪರಿನಲ್ಲಿರುತ್ತಿದ್ದರು. ಬೇಸಿಗೆಯಲ್ಲಿ ಯಾರಿಗೆ ಊಟ ಸೇರುತ್ತದೆ ಎಂದುಕೊಂಡೆ. ಮನೆಯಲ್ಲಿ ಥರ್ಮಾಮೀಟರ್ ಇತ್ತು, ನನ್ನದೇ ಪೆಟ್ಟಿಗೆಯಲ್ಲಿ. ತೆಗೆಯಲಿಲ್ಲ.

ಆ ದಿನ ನನ್ನ ಮನೆಯವರು ಬೆಳಿಗ್ಗೆಯೇ ಮಷಿನ್‌ಗೆ ಕೆಲಸ ಹಚ್ಚಿ ಕೆಂಭಾವಿ ಕಡೆ ಹೋದರು. ಹೋಗುವಾಗ ಹೇಳಿದರು, ಸಂಜೆವರೆಗೆ ಅದನ್ನು ಮುಟ್ಟಬೇಡಿ, ಇದೇ ನಕಾಶೆಯ ಕೊನೆಯ ತುಂಡು. ಮಧ್ಯಾಹ್ನ ಒಂದರ ಸುಮಾರಿಗೆ ಅಕ್ಕನಿಗೆ ಮಜ್ಜಿಗೆ ಕುಡಿಸಿ, ಬಟ್ಟೆ ಅದ್ದಿ ಹಾಸಿ, ಕುಡಿಯುವ ನೀರಿನ ಕ್ಯಾನು ಹಿಡಿದು ನೀರಿನ ಘಟಕಕ್ಕೆ ಹೋದೆ. ನನ್ನ ಸರದಿ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಘಟಕ ನಿಂತಿತು. ಈಗ ಬರುತ್ತದೆ, ಆಗ ಬರುತ್ತದೆ ಎಂದು ಎಲ್ಲರೂ ಬೇವಿನ ಮರದ ಕೆಳಗೆ ಕೂತೆವು. ಮನೆಯಲ್ಲೂ ಕರೆಂಟ್ ಹೋಗಿರುತ್ತದೆ ಎಂದು ನನಗೆ ಹೊಳೆಯದೆ ಇರಲಿಲ್ಲ. ಇನ್ವರ್ಟರ್ ಇದೆಯಲ್ಲ ಎಂದುಕೊಂಡೆ. ಆದರೆ ಕಿಟಕಿಯ ಕೂಲರ್ ಇನ್ವರ್ಟರಿನ ಮೇಲೆ ನಡೆಯುತ್ತಿರಲಿಲ್ಲ. ಅದರ ಮೇಲೆ ನಡೆಯುತ್ತಿದ್ದದ್ದು ಕಂಪ್ಯೂಟರ್ ಒಂದೇ. ಇದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಮರದ ಕೆಳಗೆ ಒಂದೂವರೆ ತಾಸು ಕೂತೆ, ಪಕ್ಕದವರ ಮಗಳ ಸೀಮಂತದ ಮಾತು ಕೇಳುತ್ತ.

ಖಾಲಿ ಕ್ಯಾನು ಹಿಡಿದು ಮನೆಗೆ ಬಂದಾಗ ಕೋಣೆಯಿಂದ ಅಕ್ಕನ ದನಿ ಕೇಳಿಸುತ್ತಿತ್ತು.

'ಹನ್ನೊಂದು... ಹನ್ನೆರಡು...'

ಮಷಿನ್ನಿನ ಅಂಕಿ ಎಂದುಕೊಂಡು ಚಪ್ಪಲಿ ಬಿಡುತ್ತ ನಿಂತೆ. ಹನ್ನೆರಡಕ್ಕೆ ಅದು ಎಂದೂ ಇಳಿಯುವುದಿಲ್ಲವಲ್ಲ ಅನ್ನಿಸಿತು.

'ಹದಿಮೂರು... ಹದಿಮೂರು ಬಂದಿಲ್ಲೇನ್ರೋ? ಹತ್ತಿ ಬಿಡಸಾಕ ಹೋಗ್ಯಾಳೇನ? ಅವರವ್ವಗ ಹೇಳ್ರಿ, ನಾಳಿ ಕಳಸಲಿಲ್ಲಂದ್ರ ನಾನ ಬರ್ತೀನಿ ಅಂತ.'

ಅಕ್ಕ ಹಾಜರಿ ತೆಗೆಯುತ್ತಿದ್ದರು.

ಒಳಗೆ ಓಡಿದೆ. ಕೂಲರ್ ನಿಂತಿತ್ತು. ಬಾಗಿಲು ಕಿಟಕಿ ಎಲ್ಲ ಮುಚ್ಚಿದ ಕೋಣೆಯಲ್ಲಿ ಒಂದೇ ಸಮ ಗುಂಯ್ ಎಂದು ಆ ಎರಡು ಫ್ಯಾನು ತಿರುಗುತ್ತಿದ್ದವು. ಬಟ್ಟೆಗಳು ಒಣಗಿ ಹಪ್ಪಳದಂತೆ ಸೆಟೆದು ನಿಂತಿದ್ದವು. ಕಾಲು ಮುಟ್ಟಿದೆ. ರೊಟ್ಟಿ ಹಂಚನ್ನು ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಮೇಲೆ ಮುಟ್ಟಿದಂತಿತ್ತು. ಮುಖ ಕೆಂಪಗೆ, ತುಟಿ ಒಡೆದಿತ್ತು. ಕಣ್ಣು ನನ್ನನ್ನು ನೋಡಿ ನನ್ನ ಹಿಂದೆ ಯಾರನ್ನೋ ಹುಡುಕಿತು.

ಆಗ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮಷಿನ್ನಿನ ಗುಂಡಿ ನನ್ನ ಕೈಗೆ ಎಟುಕುವಂತಿತ್ತು. ಅದನ್ನು ಒತ್ತಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮುಖವನ್ನು ಗೋಡೆಗೆ ತಿರುಗಿಸಿದೆ. ಸಂಜೆವರೆಗೆ ಮುಟ್ಟಬೇಡಿ ಎಂದಿದ್ದರಲ್ಲ. ಆಮೇಲೆ ಗಡಿಗೆ ತಂದು ಅಕ್ಕನ ಮೇಲೆ ಸುರಿದೆ, ಬಾಗಿಲು ತೆರೆದೆ, ಪಕ್ಕದ ಮನೆಯವರನ್ನು ಕೂಗಿದೆ.

ಅವರ ಆಟೋದಲ್ಲಿ ದವಾಖಾನೆಗೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅಕ್ಕನ ಕಂಕುಳಿಗೆ ಥರ್ಮಾಮೀಟರ್ ಇಟ್ಟು ಓದಿ, ನಂಬದೆ ಇನ್ನೊಂದು ತರಿಸಿದರು.

'ಎಲ್ಲಿ ಮಲಗಿಸಿದ್ರಿ ಇವ್ರನ್ನ? ಬಿಸಲಾಗೇನು?'

'ಇಲ್ರಿ, ಕೂಲರ್ ಕೋಣ್ಯಾಗ.'

'ಕೂಲರ್ ಕೋಣ್ಯಾಗ ಇದ್ದವರಿಗೆ ಇಷ್ಟು ಆಗಂಗಿಲ್ಲ. ಮಂಚದ ಹತ್ರ ಏನಿತ್ತು? ಒಲಿ? ಮಷಿನ್?'

ನಾನು ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಕಲಬುರಗಿಗೆ ಕರೆದೊಯ್ಯಲು ಚೀಟಿ ಬರೆದರು.

ಕಲಬುರಗಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆವು. ಜ್ವರ ಇಳಿಯಿತು, ಮಾತು ಬಂತು. ಮೂತ್ರಪಿಂಡ ಕೆಟ್ಟಿದ್ದು ಸುಧಾರಿಸಲಿಲ್ಲ. ಮೊದಲೇ ಸೋತ ದೇಹ, ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದರು. ಅದರ ಅರ್ಥ ನಮಗೆ ತಿಳಿಯಿತು. ನಾವು ಮರಳುವ ಮೊದಲೇ ನಾನು ಊರಿನಲ್ಲಿದ್ದ ಮನೆಯವರಿಗೆ ಫೋನಿನಲ್ಲಿ ಹೇಳಿದೆ, ಡಬ್ಬಿಯನ್ನು ಹಿತ್ತಲ ಹೊಸ್ತಿಲ ಮೇಲೆ ಇಡಿ, ಮುಖ ಹೊರಗೆ.  'ಇಟ್ಟೇನಿ,' ಎಂದರು ಅವರು. ನಾನು ಹೇಳುವ ಮೊದಲೇ ಇಟ್ಟಿದ್ದರು.

ಅಕ್ಕ ಮನೆಗೆ ಬಂದ ಮೂರನೆಯ ದಿನ. ಮನೆಯವರು ನಕಾಶೆ ಒಪ್ಪಿಸಲು ಸುರಪುರಕ್ಕೆ ಹೋಗಿದ್ದರು. ನಾನು ಅಕ್ಕನ ಹಣೆ ಒರೆಸುತ್ತಿದ್ದೆ. ಹೊಸ್ತಿಲ ಕಡೆ ನನ್ನ ಕಣ್ಣು ಹೋಯಿತು. ತಡೆಯಲಾಗಲಿಲ್ಲ.

'ಅಕ್ಕಾ, ಆ ದಿನ ನಾ ಬ್ಯಾಡ ಅನಬಾರದಾಗಿತ್ತು,' ಎಂದೆ.

ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. 'ಯಾವ ದಿನ?'

'ಅಲ್ಲಿಡ್ರಿ ಅಂತ ಅಂವ ಹೇಳಿದ್ನಲ್ಲ.'

'ಹೂಂ,' ಎಂದರು ಅಕ್ಕ. 'ಕಾಲಿಗೆ ಗೊತ್ತಾಗಂಗಿಲ್ಲ ಖರೇ. ಮಾರಿಗೆ ಗೊತ್ತಾಗ್ತದಲ್ಲ ತಂಗಿ. ಮೊದಲನೇ ದಿನದಿಂದ ಬಿಸಿ ಬಡೀತಿತ್ತು.'

ಒದ್ದೆ ಬಟ್ಟೆ ನನ್ನ ಕೈಯಲ್ಲೇ ಇತ್ತು. 'ಹೇಳಬೇಕಿಲ್ಲೇನ್ರಿ ಅಕ್ಕಾ?'

'ಹೇಳಿದ್ರ ಇಬ್ಬರಾಗ ಒಬ್ರನ್ನ ಕೋಣಿಯಿಂದ ಹೊರಗ ಹಾಕಬೇಕಾಗ್ತಿತ್ತು. ನನ್ನನ್ನ, ಇಲ್ಲಾ ಅದನ್ನ. ಯಾರನ್ನ ಅಂತ ನನ್ನ ತಮ್ಮ ನಿಂತು ವಿಚಾರ ಮಾಡೂದು ನನಗ ನೋಡೂದು ಬ್ಯಾಡಾಗಿತ್ತು.' ಉಸಿರು ಎಳೆದುಕೊಂಡರು. 'ಅಂವ ಪಾಪ, ಬರೋಬ್ಬರಿನ ವಿಚಾರ ಮಾಡ್ತಿದ್ದ. ಆದ್ರ ಒಂದು ಗಳಿಗಿ ನಿಲ್ತಿದ್ದ ನೋಡು. ಆ ಒಂದು ಗಳಿಗಿ.'

 ಗುಂಡಿ ಒತ್ತದೆ ಡಬ್ಬಿಯನ್ನು ಗೋಡೆಗೆ ತಿರುಗಿಸಿದ್ದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಕ್ಕ ಅಷ್ಟರಲ್ಲಿ, 'ಮಗ್ಗುಲು ತಿರುಗಸು, ಬೆನ್ನು ನೋಡು, ಹುಣ್ಣಾಗ್ಯಾವೇನು,' ಎಂದರು. ತಿರುಗಿಸಿದೆ. ಆಗಿದ್ದವು. ಇಲ್ಲ ಎಂದೆ.

ಕಾಲುವೆಗೆ ನೀರು ಬಿಡುವ ಹದಿನೈದು ದಿನ ಮೊದಲು ಅಕ್ಕ ತೀರಿಕೊಂಡರು. ಆ ಮಾತುಗಳನ್ನು ನನ್ನ ಮನೆಯವರಿಗೆ ಹೇಳಿಲ್ಲ. ಒಂದು ಗಳಿಗೆ ತಾವು ನಿಲ್ಲುತ್ತಿದ್ದೆವೋ ಇಲ್ಲವೋ ಎಂದು ಅವರು ಮಿಕ್ಕ ಆಯುಷ್ಯವೆಲ್ಲ ತೂಗುತ್ತ ಕೂರಬಾರದು. ನಾನು ನಿಂತಿದ್ದೆ. ಕೈಗೆಟುಕುವ ಗುಂಡಿಯ ಮುಂದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ನಿಂತಿದ್ದೆ. ಅದನ್ನು ತೂಗಲು ನಾನೊಬ್ಬಳು ಸಾಕು.